ಫ್ಲೋರಿಡಾದ ಹೂವು, ಕ್ಯಾಲ್ಗರಿಯ ಚಳಿ: ಚಳಿ ತಡೆಯೋ ಡೇಲಿಲಿನ ನಾವೇ ಬ್ರೀಡ್ ಮಾಡ್ಬೋದಾ?

ಓದುಗರ ಪ್ರಶ್ನೆ:

"ನಾವು ಕೆನಡಾದ ಕ್ಯಾಲ್ಗರಿಯಲ್ಲಿದೀವಿ, ಊರು ಸಕಲೇಶಪುರದ ಹತ್ರ. ಹಿತ್ತಲಲ್ಲಿ ಡೇಲಿಲಿ ಹಾಕೋ ಹುಚ್ಚು ಹತ್ತಿದೆ. ಇಲ್ಲಿ ಅಂಗಡಿಲಿ ತಂದ ಸ್ಟೆಲ್ಲಾ ಡಿ ಓರೋ ಅನ್ನೋ ತಳಿ ಏನು ಮಾಡಿದ್ರೂ ಸಾಯಲ್ಲ. ಆದ್ರೆ ದುಡ್ಡು ಸುರಿದು ತರಿಸಿದ ದೊಡ್ಡ ರಫಲ್ (ನೆರಿಗೆ ನೆರಿಗೆ) ಅಂಚಿನ ಹೂವಿನ ಗಿಡಗಳು, ಎಲ್ಲಾ ಫ್ಲೋರಿಡಾದಲ್ಲಿ ಬ್ರೀಡ್ ಮಾಡಿದ ಟೆಟ್ರಾಪ್ಲಾಯ್ಡ್‌ಗಳು, ಮೊದಲ ಚಳಿಗಾಲದಲ್ಲೇ ಅರ್ಧ ಹೋದ್ವು, ಉಳಿದವು ವರ್ಷ ವರ್ಷ ಸಣ್ಣ ಆಗ್ತಾ ಇವೆ. ಲೇಬಲ್ ಮೇಲೆ ಜೋನ್ 3, ಅಂದ್ರೆ ತುಂಬಾ ಚಳಿ ಇರೋ ಕಡೆಗೂ ಆಗತ್ತೆ, ಅಂತ ಬರೆದಿತ್ತು! ಹೋಗ್ಲಿ ನಾನೇ ಕ್ರಾಸ್ ಮಾಡ್ತೀನಿ ಅಂತ ಉಳಿದಿರೋ ಒಂದು ರಫಲ್ ಹೂವಿನ ಪರಾಗ ತಗೊಂಡು ಸ್ಟೆಲ್ಲಾಗೆ ಹಚ್ಚಿದೆ, ಒಂದೇ ಒಂದು ಕಾಯಿ ನಿಲ್ಲಲಿಲ್ಲ. ಎವರ್‌ಗ್ರೀನ್ ಡೇಲಿಲಿ ಚಳಿಲಿ ಸಾಯತ್ತೆ, ಡಾರ್ಮೆಂಟ್ ಮಾತ್ರ ತಗೋಬೇಕು ಅಂತಾರೆ, ನಿಜಾನಾ? ಚಳಿ ತಡೆಯೋ ಗುಣ ತಾಯಿ ಗಿಡದಿಂದ ಮಾತ್ರ ಬರತ್ತೆ ಅಂತಾರಲ್ಲ, ಅದು? ಮುಂದೆ ಬೀಜ ಆದ್ರೆ ಊರಲ್ಲಿ ಅಮ್ಮನ ಮನೆಗೂ ಕಳಿಸ್ಬೋದಾ?"

ಉತ್ತರ:

ನಿಮ್ಮ ಪ್ರಶ್ನೆನ ಎರಡು ಸಲ ಓದಿದೆ. ನೀವು ಕೇಳ್ತಿರೋದು ನಾಲ್ಕೈದು ವಿಷಯ ಆದ್ರೂ ಒಳಗಿರೋ ಚಿಂತೆ ಒಂದೇ ಅನ್ಸತ್ತೆ: ಚೆಂದದ ಹೂವೂ ಬೇಕು, ಗಿಡ ಬದುಕೂ ಬೇಕು, ಈ ಎರಡೂ ಒಂದೇ ಗಿಡದಲ್ಲಿ ಸಿಗತ್ತಾ ಇಲ್ವಾ. ಸಿಗತ್ತೆ. ಆದ್ರೆ ಅಂಗಡಿಯಿಂದ ತಂದು ನೆಟ್ಟ ತಕ್ಷಣ ಸಿಗೋದು ಕಷ್ಟ, ನಿಮ್ಮ ಮಣ್ಣಲ್ಲೇ ಬೀಜದಿಂದ ಎಬ್ಬಿಸಿ, ನಿಮ್ಮ ಚಳಿಗಾಲವೇ ಆರಿಸೋ ಹಾಗೆ ಬಿಟ್ರೆ ಸಿಗತ್ತೆ. ನಾನು ಪ್ರೈರಿ (ಕೆನಡಾದ ಹುಲ್ಲುಬಯಲು) ಕಡೆಯ ನರ್ಸರಿ ಕೆಲಸದಲ್ಲಿ ಇಷ್ಟು ವರ್ಷ ನೋಡಿರೋದು ಇದನ್ನೇ.

ಮೊದಲು ನಿಮ್ಮ ಕಾಯಿ ಯಾಕೆ ನಿಲ್ಲಲಿಲ್ಲ ಅನ್ನೋದು ಹೇಳ್ಬಿಡ್ತೀನಿ, ಯಾಕಂದ್ರೆ ಅದರಲ್ಲಿ ನಿಮ್ಮ ಕೈತಪ್ಪು ಏನೂ ಇಲ್ಲ. ಸ್ಟೆಲ್ಲಾ ಡಿ ಓರೋ ಡಿಪ್ಲಾಯ್ಡ್, ಅಂದ್ರೆ ಜೀವಕೋಶದಲ್ಲಿ 22 ಕ್ರೋಮೋಸೋಮ್. ನಿಮ್ಮ ರಫಲ್ ಹೂವು ಟೆಟ್ರಾಪ್ಲಾಯ್ಡ್, 44. ಇವೆರಡನ್ನ ಸೇರಿಸಿದ್ರೆ ಕಾಯಿ ಒಂದು ವಾರ ಹತ್ತು ದಿನ ಉಬ್ಬಿದ ಹಾಗೆ ಕಂಡು ಆಮೇಲೆ ಹಳದಿ ತಿರುಗಿ ಉದುರಿ ಹೋಗತ್ತೆ, ಅಪ್ಪಿತಪ್ಪಿ ಒಂದು ಬೀಜ ಸಿಕ್ಕಿ ಹುಟ್ಟಿದ್ರೂ ಆ ಮರಿ 33 ಕ್ರೋಮೋಸೋಮಿನದು, ಅದರಿಂದ ಮುಂದಿನ ಪೀಳಿಗೆ ಎಬ್ಬಿಸೋದು ಹೆಚ್ಚುಕಮ್ಮಿ ಆಗದ ಮಾತು. ಉತ್ತರ ಅಮೆರಿಕದಲ್ಲಿ ರಸ್ತೆ ಬದಿ ಚರಂಡಿಲೆಲ್ಲ ಬೆಳೆದಿರೋ ಕಿತ್ತಳೆ ಬಣ್ಣದ ಡೇಲಿಲಿ ನೋಡಿರ್ತೀರಲ್ಲ, ಅದೂ ಇಂಥ 33ರ ಗಿಡವೇ, ಯುರೋಪಾ ಅಂತ ಅದರ ಹೆಸರು. ಸಾಯೋದೇ ಇಲ್ಲ ಅನ್ನೋಷ್ಟು ಗಟ್ಟಿ, ಬುಡದಿಂದ ಹರಡ್ಕೊಂಡೇ ಹೋಗತ್ತೆ, ಆದ್ರೆ ಬೀಜ ಕಟ್ಟೋದು ಇಲ್ಲ ಅಂತಲೇ ಅನ್ಕೊಳ್ಳಿ. "ಇಷ್ಟು ಗಟ್ಟಿ ಇದೆ, ಇದನ್ನೇ ತಾಯಿ ಮಾಡ್ಕೊಳೋಣ" ಅಂತ ತುಂಬಾ ಜನ ಬೇಸಿಗೆ ಪೂರ್ತಿ ಅದರ ಹಿಂದೆ ಕಳೀತಾರೆ, ನೀವು ಹಾಗೆ ಮಾಡ್ಬೇಡಿ.

ಹಾಗಾಗಿ ಮೊದಲ ನಿಯಮ, ಯಾವ ಗಿಡ ಕೈಗೆ ಬಂದ್ರೂ ಅದು ಡಿಪ್ಲಾಯ್ಡಾ ಟೆಟ್ರಾನಾ ನೋಡ್ಕೊಳ್ಳಿ, ಲೇಬಲ್ ಮೇಲೆ ಇಲ್ದಿದ್ರೆ ಅಮೆರಿಕನ್ ಡೇಲಿಲಿ ಸೊಸೈಟಿಯ ನೋಂದಣಿ ಪಟ್ಟಿಲಿ ಹೆಸರು ಹಾಕಿದ್ರೆ ಸಿಗತ್ತೆ. 1946ರಲ್ಲಿ ಶುರುವಾದ ಸಂಸ್ಥೆ ಅದು, ಒಂದು ಲಕ್ಷಕ್ಕೂ ಹೆಚ್ಚು ತಳಿ ಅವರ ದಾಖಲೆಲಿವೆ.

ಈಗ ಚಳಿ ವಿಷಯಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ.

ಡೇಲಿಲಿಗೆ ಗಡ್ಡೆ ಇಲ್ಲ. ಬೇರು ಮತ್ತೆ ಎಲೆ ಸೇರೋ ಜಾಗದಲ್ಲಿ ಒಂದು ಗಟ್ಟಿ ಭಾಗ ಇರತ್ತೆ, ಕ್ರೌನ್ ಅಂತೀವಿ, ಗಿಡದ ಪ್ರಾಣ ಇರೋದು ಅಲ್ಲಿ. ಬೇಸಿಗೆ ಕೊನೆಲಿ ಹಗಲು ಚಿಕ್ಕದಾಗ್ತಾ ರಾತ್ರಿ ತಣ್ಣಗಾಗ್ತಾ ಬಂದ ಹಾಗೆ ಗಿಡ ಚಳಿಗೆ ತಯಾರಾಗತ್ತೆ, ಕ್ರೌನ್ ಒಳಗೆ ಸಕ್ಕರೆ ಅಂಶ ಜಾಸ್ತಿ ಆಗತ್ತೆ, ಜೀವಕೋಶದ ನೀರು ಸ್ವಲ್ಪ ಸ್ವಲ್ಪ ಹೊರಗೆ ಹೋಗತ್ತೆ, ಹೆಪ್ಪುಗಟ್ಟೋದು ಕೋಶದ ಹೊರಗಡೆ ಜಾಗದಲ್ಲಿ ಆಗತ್ತೆ, ಒಳಗಡೆ ಆಗಲ್ಲ. ನೀರು ಗಡ್ಡೆ ಕಟ್ಟೋ ಚಳಿಲೂ ಬೆಲ್ಲದ ಪಾಕ ಅಷ್ಟು ಬೇಗ ಗಡ್ಡೆ ಕಟ್ಟಲ್ಲ ನೋಡಿ, ಹಾಗೆ. ಕೋಶದ ಒಳಗೇ ಐಸ್ ಆಯ್ತೋ, ಪೊರೆ ಹರಿದು ಹೋಗತ್ತೆ, ಮಾರ್ಚ್ ಏಪ್ರಿಲಲ್ಲಿ ಮಂಜು ಕರಗಿದಾಗ ನಿಮಗೆ ಕಾಣೋದು ಲೋಳೆ ಲೋಳೆ ಕೊಳೆತ ಕ್ರೌನ್.

ಅಂದ್ರೆ ಗಿಡ ಸಾಯೋದು "ಮೈನಸ್ 30 ಮುಟ್ಟಿತು" ಅನ್ನೋ ಒಂದೇ ಕಾರಣಕ್ಕಲ್ಲ. ಮೇಲೆ ಒಂದಡಿ ಮಂಜು ಕೂತಿದ್ರೆ ಗಾಳಿ ಮೈನಸ್ 30 ಇದ್ರೂ ಕೆಳಗೆ ಮಣ್ಣು ಸೊನ್ನೆಗಿಂತ ಸ್ವಲ್ಪವೇ ಕೆಳಗಿರತ್ತೆ. ಕ್ಯಾಲ್ಗರಿ ಗೋಳೇ ಬೇರೆ, ಅಲ್ಲಿ ಶಿನೂಕ್ ಇದೆ. ರಾಕಿ ಪರ್ವತ ಇಳಿದು ಬರೋ ಆ ಬಿಸಿ ಒಣ ಗಾಳಿ ಜನವರಿಲಿ ಒಂದೇ ದಿನದಲ್ಲಿ ಮಂಜನ್ನ ತಿಂದು ಹಾಕತ್ತೆ, ತಾಪಮಾನ ಸೊನ್ನೆ ದಾಟಿ ಮೇಲೆ ಹೋಗತ್ತೆ, ಮಣ್ಣಿನ ಮೇಲ್ಪದರ ಕರಗತ್ತೆ, ಮೂರು ದಿನ ಕಳೆದ್ಮೇಲೆ ಮತ್ತೆ ಮೈನಸ್ 25, ಈ ಸಲ ಮೇಲೆ ಮಂಜಿನ ಹೊದಿಕೆನೂ ಇಲ್ಲ. ಒಂದು ಸಲ ಎಚ್ಚರ ಆದ ಗಿಡ ಅಷ್ಟೇ ಬೇಗ ವಾಪಸ್ ಚಳಿಗೆ ತಯಾರಾಗಕ್ಕಾಗಲ್ಲ. ವಿನ್ನಿಪೆಗ್ ನಿಮ್ಮೂರಿಗಿಂತ ಚಳಿ ಜಾಸ್ತಿ, ಆದ್ರೂ ಅಲ್ಲಿ ಮಂಜು ಕೂತ್ರೆ ಕೂತೇ ಇರತ್ತೆ, ಅದಕ್ಕೇ ಅಲ್ಲಿ ಬದುಕೋ ಕೆಲವು ಗಿಡ ನಿಮ್ಮಲ್ಲಿ ಸಾಯ್ತಾವೆ. ಇದು ಜೋನ್ ನಂಬರಲ್ಲಿ ನೆಟ್ಟಗೆ ಕಾಣಲ್ಲ. ಅಮೆರಿಕದ ಜೋನ್ ಮ್ಯಾಪ್ ನೋಡೋದು ವರ್ಷದ ಅತಿ ಕಡಿಮೆ ತಾಪಮಾನದ ಸರಾಸರಿ ಮಾತ್ರ. ಕೆನಡಾ ಮ್ಯಾಪ್ ಮಳೆ, ಮಂಜು, ಗಾಳಿ, ಹಿಮ (ಫ್ರಾಸ್ಟ್) ಬೀಳದ ದಿನ ಎಲ್ಲ ಸೇರಿಸಿ ಲೆಕ್ಕ ಹಾಕತ್ತೆ. ಒಂದರ ನಂಬರ್ ಇನ್ನೊಂದಕ್ಕೆ ಹಾಕಿದ್ರೆ ಹೊಂದಲ್ಲ. ಇನ್ನು ಲೇಬಲ್ ಮೇಲಿನ "ಜೋನ್ 3ರಿಂದ 9" ಅನ್ನೋದು ಎಷ್ಟೋ ಸಲ ಡೇಲಿಲಿ ಅನ್ನೋ ಇಡೀ ಕುಲಕ್ಕೆ ಹಾಕೋ ಮಾತು, ಆ ನಿರ್ದಿಷ್ಟ ತಳಿನ ಯಾರೂ ಜೋನ್ 3ರಲ್ಲಿ ನೆಟ್ಟು ನೋಡಿರಲ್ಲ. ದುಡ್ಡು ಕೊಟ್ಟೋರಿಗೆ ಹೊಟ್ಟೆ ಉರಿಯೋದು ಸಹಜ.

ಎವರ್‌ಗ್ರೀನ್ ಡಾರ್ಮೆಂಟ್ ಪ್ರಶ್ನೆ. ಡಾರ್ಮೆಂಟ್ ಅಂದ್ರೆ ಶರತ್ಕಾಲದಲ್ಲಿ ಎಲೆ ಒಣಗಿ ಮಣ್ಣಿನ ಮಟ್ಟದಲ್ಲಿ ಒಂದು ಮೊಗ್ಗು ಕಟ್ಕೊಂಡು ಮಲಗೋ ಗಿಡ, ನಿಜವಾದ ಡಾರ್ಮೆಂಟ್‌ಗೆ ಇಷ್ಟು ವಾರ ಚಳಿ ಸಿಗೋವರೆಗೆ ಎಚ್ಚರ ಆಗಲ್ಲ, ಹಾಗಾಗಿ ಜನವರಿ ಶಿನೂಕ್‌ಗೆ ಮೋಸ ಹೋಗೋದು ಕಮ್ಮಿ. ಎವರ್‌ಗ್ರೀನ್ ಬೆಚ್ಚಗಿದ್ದಾಗೆಲ್ಲ ಬೆಳೀತಾನೇ ಇರತ್ತೆ, ಒಳಗಿನ ಕುಡಿ ನೀರು ತುಂಬ್ಕೊಂಡು ಮೆತ್ತಗಿರತ್ತೆ. ಸೆಮಿ-ಎವರ್‌ಗ್ರೀನ್ ಮಧ್ಯದ್ದು. ಕೇಳಿದ್ರೆ ಡಾರ್ಮೆಂಟೇ ಗಟ್ಟಿ ಅನ್ನಿಸತ್ತೆ, ಒಟ್ಟಾರೆ ವಾಲಿಕೆ ಹಾಗೇ ಇದೆ ಕೂಡ. ಆದ್ರೆ ಇದನ್ನ ನಿಯಮ ಮಾಡ್ಕೊಂಡ್ರೆ ಮೋಸ ಹೋಗ್ತೀರಿ. ಜೋನ್ ಸೀನಿಯರ್ ಅಂತ 1977ರ ಒಂದು ಬಿಳಿ ಛಾಯೆಯ ತಳಿ, ಎವರ್‌ಗ್ರೀನ್ ಅಂತಲೇ ನೋಂದಣಿ, ಉತ್ತರದ ಚಳಿ ರಾಜ್ಯಗಳಲ್ಲೂ ಅದನ್ನ ಜನ ಬೆಳೀತಾರೆ. ಹಾಗೇ ಡಾರ್ಮೆಂಟ್ ಅಂತ ಬರೆಸಿರೋ ಗಿಡಗಳಲ್ಲೂ ಚಳಿಗೆ ಸೊರಗೋವು ಇವೆ. ಇನ್ನೊಂದು ವಿಷಯ, ನೋಂದಣಿಲಿ ಡಾರ್ಮೆಂಟ್ ಎವರ್‌ಗ್ರೀನ್ ಅಂತ ಬರೆಯೋದು ಬ್ರೀಡರ್ ತನ್ನ ತೋಟದಲ್ಲಿ ಕಂಡಿದ್ದನ್ನ. ಫ್ಲೋರಿಡಾದಲ್ಲಿ ಸೆಮಿ ಅನ್ನಿಸಿದ್ದು ಮಿನ್ನೆಸೋಟಾದಲ್ಲಿ ಡಾರ್ಮೆಂಟ್ ಹಾಗೇ ಕಾಣ್ಬೋದು, ಯಾಕಂದ್ರೆ ಅಲ್ಲಿ ಎಲ್ಲಾ ಗಿಡದ ಎಲೆಗಳೂ ಚಳಿಗೆ ಸತ್ತೇ ಹೋಗ್ತಾವೆ. ಅದಕ್ಕೆ ಗಿಡ ಕೊಳ್ಳುವಾಗ ನಾನು ಎಲೆ ಬಗೆಗಿಂತ ಮೊದಲು ಕೇಳೋದು, ಇದು ಯಾವ ಊರಲ್ಲಿ ಹುಟ್ಟಿದ್ದು, ನಮ್ಮ ಥರದ ಊರಲ್ಲಿ ಯಾರ ತೋಟದಲ್ಲಿ ಮೂರು ಚಳಿಗಾಲ ಕಳೆದಿದೆ.

ಹಾಗಾದ್ರೆ ಈ ರಫಲ್ ಹೂವುಗಳೇ ಯಾಕೆ ಸಾಯ್ತಾವೆ? ಟೆಟ್ರಾಪ್ಲಾಯ್ಡ್ ಆಗಿದ್ದಕ್ಕಲ್ಲ. ಕಾಲ್ಚಿಸಿನ್ ಅನ್ನೋ ರಾಸಾಯನಿಕ ಹಾಕಿ ಕ್ರೋಮೋಸೋಮ್ ದುಪ್ಪಟ್ಟು ಮಾಡಿದ ಟೆಟ್ರಾ ಡೇಲಿಲಿಗಳನ್ನ ಜನರ ಮುಂದೆ ದೊಡ್ಡದಾಗಿ ತಂದಿದ್ದು 1961ರಲ್ಲಿ ಆರ್ವಿಲ್ ಫೇ ಮತ್ತು ರಾಬರ್ಟ್ ಗ್ರೀಸ್ಬಾಕ್, ಶಿಕಾಗೋ ಕಡೆಯೋರು. ಆಮೇಲೆ ಅದೇ ಶಿಕಾಗೋ ಸುತ್ತಮುತ್ತ ಜೇಮ್ಸ್ ಮಾರ್ಷ್, ಬ್ರದರ್ ಚಾರ್ಲ್ಸ್ ರೆಕ್ಯಾಂಪ್ ಅಂಥೋರು ಅದನ್ನ ಮುಂದುವರಿಸಿದ್ರು. ಅವೆಲ್ಲ ಚಳಿಲೇ ಹುಟ್ಟಿ ಚಳಿಲೇ ಬೆಳೆದ ಟೆಟ್ರಾಗಳು. ನಂತರದ ದಶಕಗಳಲ್ಲಿ ಬ್ರೀಡಿಂಗ್‌ನ ಭರಾಟೆ ದಕ್ಷಿಣಕ್ಕೆ ಸರೀತು. ನ್ಯೂಯಾರ್ಕಿನ ಲಾಂಗ್ ಐಲೆಂಡಲ್ಲಿ ಕೆಲಸ ಶುರು ಮಾಡಿದ ಪ್ಯಾಟ್ರಿಕ್ ಸ್ಟಾಮೈಲ್ ಕೂಡ ಫ್ಲೋರಿಡಾಕ್ಕೆ ಹೋದ್ರು. ಕಾರಣ ಸರಳ, ಫ್ಲೋರಿಡಾದಲ್ಲಿ ಬೀಜ ಹಾಕಿದ ಒಂದು ವರ್ಷದೊಳಗೆ ಹೂವು ಸಿಗತ್ತೆ, ನಮ್ಮಲ್ಲಿ ಎರಡು ಮೂರು ವರ್ಷ ಕಾಯ್ಬೇಕು. ಅಷ್ಟರಲ್ಲಿ ಅವರು ಎರಡು ಪೀಳಿಗೆ ಮುಂದಿರ್ತಾರೆ. ಅಂಚಿನ ರಫಲ್, ಹೂವಿನ ನಡುವೆ ಕಣ್ಣಿನ ಥರ ಕಾಣೋ ಬೇರೆ ಬಣ್ಣದ ಮಾದರಿ, ಬಣ್ಣ ಎಲ್ಲ ಅಲ್ಲಿ ಬೇಗ ಬೇಗ ಮುಂದೆ ಹೋಯ್ತು, ಆದ್ರೆ ಚಳಿಗೆ ಸಾಯೋ ಮರಿನ ಕಿತ್ತು ಹಾಕೋ ಚಳಿಗಾಲ ಅಲ್ಲಿರಲಿಲ್ಲ. ಹಾಗಾಗಿ ಚಳಿ ತಡೆಯೋ ಜೀನ್‌ಗಳು ಯಾರೂ ಗಮನಿಸದೆ ಪೀಳಿಗೆಯಿಂದ ಪೀಳಿಗೆಗೆ ಕಳೆದು ಹೋದ್ವು. ಅವರು ತಪ್ಪು ಮಾಡಿದ್ರು ಅಂತ ನಾನು ಹೇಳಲ್ಲ, ಅವರ ತೋಟಕ್ಕೆ ಬೇಕಾಗಿದ್ದನ್ನ ಅವರು ಆರಿಸಿದ್ರು. ನಮ್ಮ ತೋಟಕ್ಕೆ ಬೇಕಾಗಿದ್ದನ್ನ ನಾವು ಆರಿಸ್ಕೋಬೇಕು ಅಷ್ಟೆ.

ತಾಯಿಯಿಂದ ಮಾತ್ರ ಬರತ್ತೆ ಅನ್ನೋದು ಸರಿಯಲ್ಲ. ಚಳಿ ತಡೆಯೋ ಗುಣಕ್ಕೆ ಒಂದೇ ಜೀನ್ ಇಲ್ಲ, ಹಲವಾರು ಜೀನ್ ಸೇರಿ ಆಗೋದು, ಅವು ಪರಾಗದಿಂದಲೂ ಬರ್ತಾವೆ. ಆದ್ರೂ ಗಟ್ಟಿ ಗಿಡವನ್ನೇ ತಾಯಿ ಮಾಡಿ ಅಂತ ನಾನೂ ಹೇಳ್ತೀನಿ, ಕಾರಣ ಬೇರೆ: ಕಾಯಿ ಹೊತ್ಕೊಂಡು ಎರಡು ತಿಂಗಳು ನಿಲ್ಲೋ ಶಕ್ತಿ ಅದಕ್ಕಿರತ್ತೆ, ಮುಂದಿನ ವರ್ಷವೂ ಅದು ಇರತ್ತೆ. ಕಾಯಿ ಬಿಟ್ಟು ಸುಸ್ತಾದ ನಾಜೂಕು ಗಿಡ ಅದೇ ಚಳಿಗಾಲದಲ್ಲಿ ಹೋಗೋದು ನಾನು ತುಂಬಾ ಸಲ ನೋಡಿದೀನಿ. ದಕ್ಷಿಣದ ಹೂವು ಬೇಕಂದ್ರೆ ಗಿಡ ತರಿಸೋದೇ ಬೇಡ, ಪರಾಗ ಸಾಕು. ಪರಾಗಕ್ಕೆ ಚಳಿಗಾಲ ದಾಟೋ ಕಷ್ಟ ಇಲ್ಲ! ಬೆಳೆಗಾರರು ಒಬ್ಬರಿಗೊಬ್ಬರು ಒಣಗಿಸಿದ ಪರಾಗ ಕಳಿಸ್ಕೊಳೋದು ಈ ಲೋಕದಲ್ಲಿ ಮಾಮೂಲಿ, ಗಡಿ ದಾಟಿಸೋದಾದ್ರೆ ಮಾತ್ರ ಆ ದೇಶದ ನಿಯಮ ಕೇಳ್ಕೊಳ್ಳಿ.

ಈಗ ನೀವು ಏನು ಮಾಡ್ಬೋದು ನೋಡೋಣ.

ಸ್ಟೆಲ್ಲಾನೇ ಇಟ್ಕೊಂಡು ಹೋಗೋದು ಒಂದು ದಾರಿ, ಡಿಪ್ಲಾಯ್ಡ್ ದಾರಿ. ಇಂಡಿಯಾನಾದ ವಾಲ್ಟರ್ ಜಾಬ್ಲೊನ್ಸ್ಕಿ 1975ರಲ್ಲಿ ನೋಂದಣಿ ಮಾಡಿಸಿದ ಗಿಡ ಅದು, 1985ರಲ್ಲಿ ಡೇಲಿಲಿ ಲೋಕದ ಅತಿ ದೊಡ್ಡ ಗೌರವ ಸ್ಟೌಟ್ ಮೆಡಲ್ ಸಿಕ್ಕಿದೆ. ಅದರಿಂದ ಹುಟ್ಟಿದ ಹ್ಯಾಪಿ ರಿಟರ್ನ್ಸ್ ಕೂಡ ಉತ್ತರದ ತೋಟಗಳಲ್ಲಿ ಎಲ್ಲೆಲ್ಲೂ ಇದೆ, ಡ್ಯಾರೆಲ್ ಆಪ್ಸ್ ಅವರದು. ಜೊತೆ ಯಾವುದು ಅಂದ್ರೆ, ಅದೇ ಆಪ್ಸ್ ಅವರ ಕೆಂಪು ಪಾರ್ಡನ್ ಮಿ, 1967ರ ತಿಳಿ ನೇರಳೆ-ಗುಲಾಬಿ ಕ್ಯಾಥರೀನ್ ವುಡ್‌ಬರಿ, ಆರ್ಕನ್ಸಾದ ಪಾಲೀನ್ ಹೆನ್ರಿ ಅವರ ಸೈಲೋಮ್ ಸಾಲಿನ ಗಿಡಗಳು. ಡಿಪ್ಲಾಯ್ಡ್ ಸುಲಭ, ಕಾಯಿ ಚೆನ್ನಾಗಿ ನಿಲ್ಲತ್ತೆ, ಬೀಜ ಜಾಸ್ತಿ. ಅಡಗಿರೋ ಒಂದು ಗುಣ ಹೊರಗೆ ಬರ್ಬೇಕಂದ್ರೆ ಡಿಪ್ಲಾಯ್ಡ್‌ನಲ್ಲಿ ನಾಲ್ಕು ಮರಿಗೆ ಒಂದರಲ್ಲಿ ಕಾಣೋದು, ಟೆಟ್ರಾದಲ್ಲಿ ಅದೇ ಥರದ ಕ್ರಾಸ್‌ಗೆ ಮೂವತ್ತಾರಕ್ಕೆ ಒಂದು. ಸಣ್ಣ ಹಿತ್ತಲಿಗೆ ಇದು ದೊಡ್ಡ ವ್ಯತ್ಯಾಸ. ಇದರ ತೊಂದರೆ ಏನು ಅಂದ್ರೆ ಸ್ಟೆಲ್ಲಾ ತನ್ನ ಪುಟ್ಟ ಹೂವು ಮತ್ತೆ ಬಂಗಾರದ ಹಳದಿನ ಮಕ್ಕಳ ಮೇಲೆ ಗಟ್ಟಿಯಾಗಿ ಹೇರತ್ತೆ, ಮೊದಲ ಪೀಳಿಗೆ ನೋಡಿ ಬೇಜಾರಾಗ್ಬೇಡಿ, ಅವುಗಳನ್ನ ಒಂದಕ್ಕೊಂದು ಕ್ರಾಸ್ ಮಾಡಿದಾಗಲೇ ಬಣ್ಣ ಬಿಚ್ಚಿಕೊಳ್ಳೋದು.

ನಿಮ್ಮ ಮನಸ್ಸಿರೋದು ರಫಲ್ ಮೇಲೆ ಅಂತ ಗೊತ್ತು. ಅದಕ್ಕೆ ಟೆಟ್ರಾ ದಾರಿನೇ ಹಿಡೀಬೇಕು, ಆದ್ರೆ ತಾಯಿಯಾಗಿ ಉತ್ತರದ ಟೆಟ್ರಾ. ಮಾರ್ಷ್ ಸಾಲಿನ ಚಿಕಾಗೋ ಅಪಾಚೆ ಅನ್ನೋ ಕಡುಗೆಂಪು, ಒಹಾಯೋದ ಕರ್ಟ್ ಹ್ಯಾನ್ಸನ್ ಅವರ ಪ್ರೈಮಲ್ ಸ್ಕ್ರೀಮ್ ಅನ್ನೋ ಉರಿ ಕಿತ್ತಳೆ, ಸ್ಟಾಮೈಲ್ ಅವರ ಹಳೇ ಡಾರ್ಮೆಂಟ್‌ಗಳಾದ ಕಸ್ಟರ್ಡ್ ಕ್ಯಾಂಡಿ, ರೂಬಿ ಸ್ಪೈಡರ್, ಇಂಥವು. ಮಿನ್ನೆಸೋಟಾದಲ್ಲಿ ಕ್ಯಾರೊಲ್ ಎಮೆರಿಕ್ ಅಂತ ಒಬ್ಬರು ದಕ್ಷಿಣದ ಅಲಂಕಾರನ ಉತ್ತರದ ಗಿಡಕ್ಕೆ ತರೋ ಕೆಲಸನೇ ಮಾಡ್ಕೊಂಡು ಬಂದಿದಾರೆ, ಅವರ ಥರದ ಬ್ರೀಡರ್‌ಗಳ ಗಿಡ ಸಿಕ್ಕಿದ್ರೆ ನಿಮ್ಮ ಅರ್ಧ ದಾರಿ ಮುಗಿದ ಹಾಗೆ. ಉತ್ತರದ ತಾಯಿ, ದಕ್ಷಿಣದ ಪರಾಗ, ಬಂದ ಮರಿಗಳಲ್ಲಿ ಬದುಕಿದ್ದನ್ನ ಮತ್ತೆ ಉತ್ತರದ್ದೊಂದರ ಜೊತೆ. ಒಂದೇ ಪೀಳಿಗೆಲಿ ಎರಡೂ ಸಿಗತ್ತೆ ಅನ್ಕೋಬೇಡಿ. ಮೊದಲ ಕ್ರಾಸಲ್ಲಿ ಗಟ್ಟಿ ಇರೋದು ಸಾದಾ ಇರತ್ತೆ, ಚೆಂದ ಇರೋದು ಸಾಯತ್ತೆ, ಹೆಚ್ಚಿನ ಜನ ಇಲ್ಲೇ ಕೈ ಬಿಡೋದು. ಆ ಸಾದಾ ಮರಿಯೊಳಗೆ ರಫಲ್ ಜೀನ್ ಇದ್ದೇ ಇದೆ, ಅದನ್ನ ಎಸೀಬೇಡಿ, ಅದೇ ನಿಮ್ಮ ಆಸ್ತಿ. ನಿಮ್ಮಲ್ಲಿ ಉಳಿದಿರೋ ಆ ಒಂದು ರಫಲ್ ಗಿಡ ಸೊರಗಿದ್ರೂ ಬದುಕಿದೆಯಲ್ಲ, ಅದರ ಪರಾಗ ಇಲ್ಲಿ ಬಳಸಿ.

ಮೂರನೇದು ಕಾಡು ಜಾತಿಗಳನ್ನ ತರೋದು. ಹೆಮೆರೋಕ್ಯಾಲಿಸ್, ಅಂದ್ರೆ ಡೇಲಿಲಿ ಕುಲ, ಹುಟ್ಟಿದ್ದು ಚೀನಾ, ಕೊರಿಯಾ, ಜಪಾನ್, ರಷ್ಯಾದ ಪೂರ್ವ ತುದಿ ಕಡೆ. ಸೈಬೀರಿಯಾ ಕಡೆಯ ಮೈನರ್, ಮಿಡೆನ್‌ಡಾರ್ಫಿಯೈ ಜಾತಿಗಳಿಗೆ ನಿಮ್ಮ ಚಳಿ ಲೆಕ್ಕಕ್ಕೇ ಇಲ್ಲ, ಹೂವೂ ಎಲ್ಲರಿಗಿಂತ ಮೊದಲು ಬಿಡ್ತಾವೆ. ಹಳದಿ ಪರಿಮಳದ ಲೆಮನ್ ಲಿಲಿ ಪ್ರೈರಿಯ ಹಳೇ ಮನೆಗಳ ಅಂಗಳದಲ್ಲಿ ಯಾರೂ ನೋಡ್ಕೊಳ್ದೆ ವರ್ಷಾನುಗಟ್ಲೆ ನಿಂತಿರತ್ತೆ. ಇವೆಲ್ಲ ಡಿಪ್ಲಾಯ್ಡ್, ಹೂವು ಸರಳ, ಹಾಗಾಗಿ ಅಲಂಕಾರದಲ್ಲಿ ನಾಲ್ಕು ಹೆಜ್ಜೆ ಹಿಂದೆ ಹೋದ ಹಾಗೆ ಆಗತ್ತೆ. ಆದ್ರೆ ಇವುಗಳಿಂದ ಸಿಗೋ ಒಂದು ಗುಣ ನಿಮ್ಮೂರಿಗೆ ಚಿನ್ನದಂಥದ್ದು, ಅದರ ಬಗ್ಗೆ ಯಾರೂ ಸರಿಯಾಗಿ ಹೇಳಲ್ಲ, ಅದಕ್ಕೆ ಬರ್ತೀನಿ.

ಚಳಿ ಊರಿಗೆ ಗಟ್ಟಿ ಡೇಲಿಲಿ ಅಂದ್ರೆ ಚಳಿಗಾಲ ದಾಟಿದ್ರೆ ಸಾಕು ಅಂತ ಎಲ್ಲರೂ ಅನ್ಕೊಳ್ತಾರೆ. ಸಾಲದು. ಡೇಲಿಲಿ ಹೂವು ಒಂದೇ ದಿನದ್ದು, ಆ ಒಂದು ಬೆಳಿಗ್ಗೆ ಅದು ಅರಳ್ಬೇಕು. ಕ್ಯಾಲ್ಗರಿಲಿ ಜುಲೈ ರಾತ್ರಿ ಕೂಡ 10 ಡಿಗ್ರಿ ಹತ್ರ ಇಳಿಯತ್ತೆ. ರಾತ್ರಿ 15ಕ್ಕಿಂತ ಕೆಳಗೆ ಹೋದ್ರೆ ದಪ್ಪ ದಳದ, ದಪ್ಪ ಅಂಚಿನ ಟೆಟ್ರಾಗಳು ಬಹಳಷ್ಟು ಅರ್ಧಕ್ಕೇ ಸಿಕ್ಕಿಹಾಕ್ಕೊಳ್ತಾವೆ, ಅಂಚಿಗೆ ಅಂಚು ಅಂಟಿ ಮುರುಟಿದ ಹಾಗೆ ನಿಲ್ತಾವೆ, ಮಧ್ಯಾಹ್ನ ಬಿಸಿಲು ಬಂದಾಗ ಅರಳೋದು, ಸಂಜೆಗೆ ಮುಗೀತು. ಅಂದ್ರೆ ಗಿಡ ಬದುಕಿದ್ರೂ ನೀವು ಆಸೆಪಟ್ಟ ಹೂವು ನಿಮಗೆ ಸಿಗಲ್ಲ. ಸಿಟ್ರಿನಾ, ಆಲ್ಟಿಸ್ಸಿಮಾ ಅನ್ನೋ ಚೀನಾದ ಜಾತಿಗಳು ಸಂಜೆನೇ ಅರಳೋವು, ಅವುಗಳ ವಂಶದ ತಳಿಗಳಲ್ಲಿ ಎಷ್ಟೋ ಹಿಂದಿನ ರಾತ್ರಿನೇ ಬಿಚ್ಚಿಕೊಂಡಿರ್ತಾವೆ ಅಥವಾ ಬೆಳಗಿನ ಜಾವ ಚಳಿಲೂ ಪೂರ್ತಿ ಅರಳ್ತಾವೆ. ಪಾರ್ಡನ್ ಮಿ ಕೂಡ ರಾತ್ರಿ ಅರಳೋದೇ. ಹಾಗಾಗಿ ಅಪ್ಪ ಅಮ್ಮನ ಆರಿಸುವಾಗ ತಣ್ಣನೆ ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಏಳಕ್ಕೆ ಹೊರಗೆ ಹೋಗಿ ಯಾವುದು ಪೂರ್ತಿ ಅರಳಿದೆ ನೋಡಿ, ಬರೆದಿಟ್ಕೊಳ್ಳಿ. ನನ್ನ ಕೇಳಿದ್ರೆ ಈ ಗುಣಕ್ಕೆ ಬಣ್ಣಕ್ಕಿಂತ ಹೆಚ್ಚು ಅಂಕ ಕೊಡ್ತೀನಿ. ಎಷ್ಟೇ ದುಬಾರಿ ಅಂಚು ಇರ್ಲಿ, ಅರಳದ ಹೂವನ್ನ ಇಟ್ಕೊಂಡು ಏನು ಮಾಡೋದು?

ಹಾಗೇ ವರ್ಷಕ್ಕೆ ಎರಡು ಸಲ ಹೂ ಬಿಡತ್ತೆ ಅನ್ನೋ ಜಾಹೀರಾತಿಗೆ ನಿಮ್ಮೂರಲ್ಲಿ ಅಷ್ಟು ಬೆಲೆ ಇಲ್ಲ. ದೊಡ್ಡ ಹೂವಿನ ತಳಿಗಳಲ್ಲಿ ಎರಡನೇ ಸಲದ ಮೊಗ್ಗು ಬರೋ ಹೊತ್ತಿಗೆ ಹಿಮ ಬಿದ್ದಿರತ್ತೆ. ಒಂದೇ ಕಾಂಡದಲ್ಲಿ ಕವಲು ಜಾಸ್ತಿ, ಮೊಗ್ಗು ಜಾಸ್ತಿ ಇರೋದನ್ನ ಆರಿಸಿ.

ಕ್ರಾಸ್ ಮಾಡೋ ಕೆಲಸ ನಿಮಗೆ ಗೊತ್ತೇ ಇದೆ, ಚಳಿ ಊರಿಗೆ ಬೇಕಾದ್ದು ಮಾತ್ರ ಹೇಳ್ತೀನಿ. ಬಿಸಿ ಊರಲ್ಲಿ ಮಧ್ಯಾಹ್ನದ ಸೆಖೆಗೆ ಪರಾಗಸ್ಪರ್ಶ ಹಾಳಾಗತ್ತೆ, ನಿಮ್ಮಲ್ಲಿ ಬೆಳಗಿನ ಚಳಿ ಮತ್ತೆ ಇಬ್ಬನಿಗೆ ಪರಾಗದ ಚೀಲ ಒಡೆಯೋದೇ ತಡ, ಒದ್ದೆ ಆದ ಪರಾಗ ಕೆಲಸಕ್ಕೆ ಬರಲ್ಲ. ನಾಳೆ ಅರಳೋ ಮೊಗ್ಗನ್ನ ಹಿಂದಿನ ಸಂಜೆ ಕಿತ್ತು ಒಳಗೆ ನೀರಲ್ಲಿಟ್ರೆ ಅಡಿಗೆಮನೆ ಕಟ್ಟೆ ಮೇಲೇ ಅರಳತ್ತೆ, ಬೆಳಿಗ್ಗೆ ಪುಡಿ ಪುಡಿ ಪರಾಗ ಸಿದ್ಧ. ಮಿಕ್ಕಿದ್ದನ್ನ ಕೆಲವು ಗಂಟೆ ಒಣಗಿಸಿ ಸಣ್ಣ ಡಬ್ಬಿಲಿ ಸಿಲಿಕಾ ಜೆಲ್ ಜೊತೆ ಫ್ರೀಜರಲ್ಲಿಟ್ರೆ ಮುಂದಿನ ವರ್ಷದವರೆಗೂ ನಡೆಯತ್ತೆ, ತಡವಾಗಿ ಅರಳೋ ಗಿಡದ ಪರಾಗನ ಮುಂದಿನ ಬೇಸಿಗೆ ಬೇಗ ಅರಳೋದಕ್ಕೆ ಹಚ್ಚೋದು ಹೀಗೇನೆ. ಇದು ಬಹಳ ಮುಖ್ಯ, ಯಾಕಂದ್ರೆ ಕಾಯಿ ಬಲಿಯಕ್ಕೆ ಆರರಿಂದ ಎಂಟು ವಾರ ಬೇಕು, ತಣ್ಣಗಿದ್ರೆ ಇನ್ನೂ ಎಳೆಯತ್ತೆ, ನಿಮ್ಮಲ್ಲಿ ಸೆಪ್ಟೆಂಬರ್ ಮಧ್ಯಕ್ಕೆ ಹಿಮ. ಜುಲೈ ಮುಗಿಯೋದ್ರೊಳಗೆ ಕ್ರಾಸ್ ಮುಗಿಸ್ಬೇಕು. ಆಗಸ್ಟಲ್ಲಿ ಅರಳೋ ಗಿಡನ ತಾಯಿ ಮಾಡಿದ್ರೆ ಕೈಗೆ ಬಂದ ತುತ್ತು ಬಾಯಿಗೆ ಬರಲ್ಲ. ಬೇಕೇ ಬೇಕು ಅನ್ನೋ ತಾಯಿನ ಕುಂಡದಲ್ಲಿ ಬೆಳೆಸಿ, ಚಳಿಗಾಲ ಪೂರ್ತಿ ಹೀಟರ್ ಇಲ್ಲದ ಗರಾಜಲ್ಲಿ ಮಲಗಿಸಿ, ಮಾರ್ಚ್ ಕೊನೆಗೆ ಬೆಳಕಿರೋ ಕಡೆ ತಂದ್ರೆ ಹೂವು ಬೇಗ ಬರತ್ತೆ. ಕುಂಡನ ಹೊರಗೇ ಬಿಟ್ರೆ ಮಾತ್ರ ಬೇರಿಗೆ ಗಾಳಿಯ ಚಳಿನೇ ನೇರವಾಗಿ ತಾಗತ್ತೆ, ಗಟ್ಟಿ ಗಿಡವೂ ಹೋಗತ್ತೆ. ಹಿಮದ ಮುನ್ಸೂಚನೆ ಬಂದಾಗ ಕಾಯಿಗೆ 40 ದಿನ ದಾಟಿದ್ರೆ ಕಾಂಡ ಸಮೇತ ಕತ್ತರಿಸಿ ನೀರಲ್ಲಿಟ್ಟು ಒಳಗೇ ಬಲಿಸ್ಬೋದು, ಎಲ್ಲಾ ಬೀಜ ಬರಲ್ಲ, ಒಂದಷ್ಟು ಬರ್ತಾವೆ.

ಕರಿ ಬೀಜ ಹೊಳೀತಾ ಗಟ್ಟಿ ಇದ್ರೆ ಒಳ್ಳೇದು. ಒದ್ದೆ ವರ್ಮಿಕ್ಯುಲೈಟ್ (ತೇವ ಹಿಡಿದಿಡೋ ಹಗುರ ಖನಿಜದ ಹರಳು) ಜೊತೆ ಫ್ರಿಜ್‌ನಲ್ಲಿ 4 ಡಿಗ್ರಿ ಆಸುಪಾಸಲ್ಲಿ ನಾಲ್ಕರಿಂದ ಆರು ವಾರ ಇಟ್ಟು ಆಮೇಲೆ ಬಿತ್ತಿ, ಡಾರ್ಮೆಂಟ್ ವಂಶದ ಬೀಜಕ್ಕೆ ಈ ಚಳಿ ಸಿಗದಿದ್ರೆ ಒಂದೊಂದಾಗಿ ತಿಂಗಳುಗಟ್ಟಲೆ ಹುಟ್ತಾ ಇರ್ತಾವೆ. ಫೆಬ್ರವರಿಲಿ ಒಳಗೆ ಬಿತ್ತಿದ್ರೆ ಜೂನಲ್ಲಿ ಹೊರಗೆ ನೆಡೋಷ್ಟು ದೊಡ್ಡದಾಗ್ತಾವೆ.

ಇನ್ನು ಆರಿಸೋದು. ನಮ್ಮಲ್ಲಿ ಕೆಲವರು ಮೊದಲ ದಿನದಿಂದ ಮರಿಗಳಿಗೆ ಏನೂ ಹೊದಿಸ್ಬಾರದು, ಸಾಯೋದು ಸಾಯ್ಲಿ ಅಂತಾರೆ. ನಾನು ಒಪ್ಪಲ್ಲ. ಮೊದಲ ಚಳಿಗಾಲದಲ್ಲಿ ಪುಟ್ಟ ಮರಿಗಳು ಸಾಯೋದು ಹೆಚ್ಚಾಗಿ ಮಣ್ಣು ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿ ಅವನ್ನ ಬೇರು ಸಮೇತ ಮೇಲಕ್ಕೆ ಎತ್ತಿ ಹಾಕೋದ್ರಿಂದ, ಅದರಲ್ಲಿ ಒಳ್ಳೇ ಜೀನ್ ಇರೋದೂ ಹೋಗತ್ತೆ. ಅದಕ್ಕೆ ಮೊದಲ ವರ್ಷ ಹೊದಿಸಿ, ಅದೂ ಮಣ್ಣು ಹೆಪ್ಪುಗಟ್ಟಿದ ಮೇಲೆ. ಮಣ್ಣನ್ನ ಬೆಚ್ಚಗಿಡೋಕೆ ಹೊದಿಸ್ತಾರೆ ಅಂತ ಜನ ತಿಳ್ಕೊಂಡಿದಾರೆ, ಹೊದಿಸೋದು ಮಣ್ಣು ಒಂದೇ ಸಮ ತಣ್ಣಗೆ ಇರ್ಲಿ, ಶಿನೂಕ್ ಬಂದಾಗ ಕರಗದೆ ಇರ್ಲಿ ಅಂತ. ಎರಡನೇ ಚಳಿಗಾಲದಿಂದ ಏನೂ ಹೊದಿಸ್ಬೇಡಿ. ನಿಮ್ಮ ಜೇಡಿಮಣ್ಣಲ್ಲಿ ನೀರು ನಿಲ್ದೇ ಇರೋ ಎತ್ತರದ ಪಾತಿ ಮಾಡಿ, ಒದ್ದೆ ಮಣ್ಣಲ್ಲಿ ಕೂತ ಕ್ರೌನ್ ಕೊಳೆಯೋದಕ್ಕೂ ಚಳಿಗೆ ಸಾಯೋದಕ್ಕೂ ವ್ಯತ್ಯಾಸ ನಿಮಗೆ ಗೊತ್ತಾಗಲ್ಲ, ಆಮೇಲೆ ಒಳ್ಳೇ ಗಿಡಕ್ಕೆ ಕೆಟ್ಟ ಹೆಸರು. ಕ್ರೌನ್ ಒಂದಿಂಚು ಆಳಕ್ಕಿಂತ ಕೆಳಗೆ ಬೇಡ. ಆಗಸ್ಟ್ ಬಂದ ಮೇಲೆ ಸಾರಜನಕದ ಗೊಬ್ಬರ ನಿಲ್ಲಿಸಿ, ಎಳೆ ಬೆಳವಣಿಗೆ ಇಟ್ಕೊಂಡು ಚಳಿಗಾಲಕ್ಕೆ ಹೋದ್ರೆ ಕಷ್ಟ.

ವಸಂತದಲ್ಲಿ ಅವಸರ ಪಡ್ಬೇಡಿ. ಮೇ ಕೊನೆವರೆಗೂ ಕುಡಿ ಬರದೇ ಆಮೇಲೆ ಪಕ್ಕದಿಂದ ಎದ್ದು ಬರೋ ಗಿಡಗಳಿವೆ. ಎದ್ದು ಬಂದಿದೆ ಅಂತ ತಕ್ಷಣ ಗೆದ್ದೆವು ಅನ್ಕೋಬೇಡಿ, ಬುಡದಿಂದ ಮೂರು ಕವಲು (ಎಲೆಗುಚ್ಛ) ಇದ್ದ ಗಿಡ ಒಂದಾಗಿ ಎದ್ರೆ ಅದು ನಿಧಾನವಾಗಿ ಸಾಯ್ತಾ ಇದೆ ಅಂತ ಅರ್ಥ, ನಿಮ್ಮ ರಫಲ್ ಗಿಡಗಳಿಗೆ ಆಗ್ತಿರೋದು ಇದೇ. ಪ್ರತಿ ವರ್ಷ ಮೇ ತಿಂಗಳಲ್ಲಿ ಕವಲು ಎಣಿಸಿ ಬರೆದಿಡಿ, ಹೆಚ್ಚಾಗ್ತಿರ್ಬೇಕು. ಕೆಲವು ಸಲ ಎಲೆ ಒಂದು ಪಕ್ಕಕ್ಕೆ ತಿರುಚಿಕೊಂಡು ಅಂಚೆಲ್ಲ ಗರಗಸದ ಥರ ಕಚ್ಚಿಕೊಂಡ ಹಾಗೆ ಬರತ್ತೆ, ಸ್ಪ್ರಿಂಗ್ ಸಿಕ್‌ನೆಸ್ ಅಂತಾರೆ ಇದಕ್ಕೆ, ಹೆಚ್ಚಿನವು ಸುಧಾರಿಸ್ತಾವೆ, ಆ ವರ್ಷ ಹೂವು ಬಿಡಲ್ಲ. ಪ್ರತಿ ವರ್ಷ ಅದೇ ಗಿಡಕ್ಕೆ ಬಂದ್ರೆ ಅದನ್ನ ಬ್ರೀಡಿಂಗ್‌ಗೆ ಬಳಸ್ಬೇಡಿ. ಒಂದು ವಿಷಯದಲ್ಲಿ ನಿಮ್ಮ ಚಳಿ ನಿಮಗೆ ಉಪಕಾರ ಮಾಡತ್ತೆ: 2000ದಿಂದ ಅಮೆರಿಕದ ಡೇಲಿಲಿ ತೋಟಗಳನ್ನ ಕಾಡ್ತಿರೋ ತುಕ್ಕು ರೋಗ ಜೀವಂತ ಎಲೆ ಇದ್ರೇನೇ ಚಳಿಗಾಲ ಕಳೆಯೋದು, ನಿಮ್ಮಲ್ಲಿ ಎಲೆ ಪೂರ್ತಿ ಸಾಯೋದ್ರಿಂದ ಅದೂ ಸಾಯತ್ತೆ.

ಅಮ್ಮನ ಮನೆಗೆ ಕಳಿಸೋ ಬಗ್ಗೆ. ನೀವು ಗೆದ್ದಷ್ಟೂ ಆ ಬೀಜ ಸಕಲೇಶಪುರಕ್ಕೆ ಆಗಿಬರಲ್ಲ. ನಿಮಗೆ ಬೇಕಾದ ಗಟ್ಟಿ ಡಾರ್ಮೆಂಟ್‌ಗೆ ವಾರಗಟ್ಟಲೆ ಚಳಿ ಬೇಕು, ಮಲೆನಾಡಲ್ಲಿ ಅದು ಸಿಗಲ್ಲ, ಗಿಡ ಸರಿಯಾಗಿ ಎಚ್ಚರವೂ ಆಗದೆ ನಿದ್ದೆಯೂ ಮಾಡದೆ ಸೊರಗತ್ತೆ. ಮಳೆಗಾಲದ ನೀರು ಬೇರೆ. ನಿಮ್ಮಲ್ಲಿ ಸಾಯ್ತಿರೋ ಎವರ್‌ಗ್ರೀನ್ ವಂಶವೇ ಅಲ್ಲಿ ಹೊಂದೋದು. ಅದೂ ಅಲ್ದೆ ಭಾರತಕ್ಕೆ ಬೀಜ ತರ್ಬೇಕಂದ್ರೆ ಆಮದು ಪರ್ಮಿಟ್, ಕೆನಡಾದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು, ಬ್ಯಾಗಲ್ಲಿ ಹಾಕ್ಕೊಂಡು ಹೋಗೋ ವಿಷಯ ಅಲ್ಲ. ಅಮ್ಮನಿಗೆ ಅಲ್ಲೇ ನರ್ಸರಿಲಿ ಸಿಗೋ ಎವರ್‌ಗ್ರೀನ್ ಡೇಲಿಲಿ ಕೊಡಿಸಿ, ನೀರು ಬಸಿದು ಹೋಗೋ ದಿಣ್ಣೆ ಮೇಲೆ ನೆಡ್ಸಿ. ಮನೆಲಿ ಬೆಕ್ಕಿದ್ರೆ ಅಲ್ಲೂ ಇಲ್ಲೂ ಹುಷಾರು, ಡೇಲಿಲಿ ಎಲೆ ಹೂವು ಪರಾಗ ಎಲ್ಲವೂ ಬೆಕ್ಕಿನ ಕಿಡ್ನಿಗೆ ವಿಷ.

ನಾಲ್ಕೈದು ವರ್ಷ ಆದ್ಮೇಲೆ ಒಂದು ಮರಿ ನಿಮಗೆ ಇಷ್ಟ ಆಯ್ತು, ಮೂರು ಚಳಿಗಾಲ ಹೊದಿಕೆ ಇಲ್ದೆ ಕಳೆದಿದೆ, ಕವಲು ಹೆಚ್ಚಾಗಿದೆ, ತಣ್ಣನೆ ಬೆಳಿಗ್ಗೆ ಅರಳ್ತಿದೆ ಅಂದ್ರೆ ಹೆಸರಿಟ್ಟು ನೋಂದಣಿ ಮಾಡಿಸೋ ಆಸೆ ಬರತ್ತೆ, ಮಾಡಿಸಿ, ಹವ್ಯಾಸಿಗಳಿಗೂ ಅವಕಾಶ ಇದೆ. ಅದಕ್ಕೆ ಮುಂಚೆ ಬುಡ ಒಡೆದು ಒಂದೊಂದು ತುಂಡನ್ನ ಎಡ್ಮಂಟನ್, ಸಸ್ಕಟೂನ್, ವಿನ್ನಿಪೆಗ್ ಕಡೆ ಇರೋ ಪರಿಚಯದೋರಿಗೆ ಕೊಟ್ಟು ಅಲ್ಲಿ ಎರಡು ಚಳಿಗಾಲ ನೋಡಿ. ಬುಡ ಒಡೆದೇ ಕೊಡಿ, ಬೀಜದಿಂದ ಅದೇ ಗಿಡ ಬರಲ್ಲ. ಅಲ್ಲೂ ನಿಂತ್ರೆ ಆಗ ಲೇಬಲ್ ಮೇಲೆ ಜೋನ್ ನಂಬರ್ ಬರೀಬೋದು, ಜೊತೆಗೆ ಯಾವ ಯಾವ ಊರಲ್ಲಿ ಎಷ್ಟು ಚಳಿಗಾಲ ಕಳೆದಿದೆ ಅನ್ನೋದನ್ನೂ ಬರೀರಿ.